ನನ್ನ ಹೆಸರಿನ ಕಾಯಿಲೆ

ಕಾಗದಪತ್ರಗಳ ಪ್ರಕಾರ ನನಗೆ ಹನ್ನೊಂದು ವರ್ಷಗಳಿಂದ ಸಕ್ಕರೆ ಕಾಯಿಲೆ. ನನ್ನ ರಕ್ತಕ್ಕೆ ಮಾತ್ರ ಈ ಸಂಗತಿ ಇನ್ನೂ ಗೊತ್ತಿಲ್ಲ. ಬೀದಿಯ ತುದಿಯ ಔಷಧಿ ಅಂಗಡಿಯವನು ನನ್ನನ್ನು ಕರೆಯುವುದೇ ಶುಗರ್ ಅಮ್ಮ ಎಂದು. ತಿಂಗಳಿಗೊಮ್ಮೆ ನಾನು ಹೋಗಿ ಮಾತ್ರೆ ತರುತ್ತೇನೆ, ತಿಂಗಳಿಗೊಮ್ಮೆ ಅವನು ನನಗೆ ಬುದ್ಧಿ ಹೇಳುತ್ತಾನೆ. ಅವನ ಮೇಜಿನ ಮೇಲೆ ಗಾಜಿನ ಭರಣಿಯ ತುಂಬ ನಿಂಬೆಹುಳಿ ಪೆಪ್ಪರಮೆಂಟು ಇರುತ್ತದೆ. ಬಂದ ಗಿರಾಕಿಗಳಿಗೆಲ್ಲ ಒಂದೊಂದು ಕೊಡುತ್ತಾನೆ, ನನ್ನನ್ನು ಕಂಡರೆ ಮುಚ್ಚಳ ಬಿಗಿ ಮಾಡುತ್ತಾನೆ. ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಯಾರ ಹುಟ್ಟುಹಬ್ಬವಾದರೂ ಎಲ್ಲರಿಗೂ ಕೇಕು, ನನ್ನ ಕೈಗೆ ಉಪ್ಪಿನ ಬಿಸ್ಕತ್ತು. "ಪಾಪ, ನಿಮಗೆ ಆಗಲ್ವಲ್ಲ" ಎಂಬ ಕನಿಕರ ಬೇರೆ. ನನಗೆ ಸಿಹಿ ಎಂದರೆ ಪ್ರಾಣ. ಹನ್ನೊಂದು ವರ್ಷ ಆ ಬಿಸ್ಕತ್ತನ್ನು ನಗುನಗುತ್ತಾ ತಿಂದಿದ್ದೇನೆ, ಪ್ರತಿ ಸಲ ಕಚ್ಚುವಾಗಲೂ ಗಂಡನನ್ನು ಮನಸ್ಸಿನಲ್ಲೇ ಬೈದಿದ್ದೇನೆ.

ಏಕೆಂದರೆ ಕಾಯಿಲೆ ಅವರದು, ಹೆಸರು ನನ್ನದು.

ನಮ್ಮವರು ಕ್ರೇನ್ ಓಡಿಸುವವರು. ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ, ಹದಿನೈದು ಅಂತಸ್ತಿನಷ್ಟು ಎತ್ತರದಲ್ಲಿ, ಒಬ್ಬರು ಮಾತ್ರ ಕೂರಬಹುದಾದ ಗಾಜಿನ ಗೂಡಿನಲ್ಲಿ ಇಪ್ಪತ್ತಾರು ವರ್ಷ ಕೂತಿದ್ದಾರೆ. ಬೆಳಿಗ್ಗೆ ಏಣಿ ಹತ್ತಿದರೆ ಇಳಿಯುವುದು ಊಟಕ್ಕೆ. ಜೊತೆಯವರು ಅವರಿಗೆ ಹದ್ದು ಎಂದು ಹೆಸರಿಟ್ಟಿದ್ದಾರೆ. ಅಷ್ಟು ಮೇಲಿನಿಂದ ಕಬ್ಬಿಣದ ತೊಲೆಯ ಕಟ್ಟನ್ನು ಕೆಳಗಿನವರು ಸೀಮೆಸುಣ್ಣದಲ್ಲಿ ಎಳೆದ ಗೆರೆಯ ಮೇಲೇ ಇಳಿಸುತ್ತಾರೆ ಎಂಬುದು ಅವರ ಹೆಮ್ಮೆ, ನನ್ನದೂ ಕೂಡ. ವರ್ಷಕ್ಕೊಮ್ಮೆ ಕಂಪನಿಯ ಡಾಕ್ಟರು ಪರೀಕ್ಷಿಸಿ ಸರ್ಟಿಫಿಕೇಟು ಕೊಟ್ಟರೆ ಮಾತ್ರ ಏಣಿ ಹತ್ತಬಹುದು. ಇಲ್ಲದಿದ್ದರೆ ನೆಲದ ಕೆಲಸ, ನೆಲದ ಸಂಬಳ.

ಹನ್ನೊಂದು ವರ್ಷದ ಹಿಂದೆ ಅವರು ಇದ್ದಕ್ಕಿದ್ದಂತೆ ಕೊಡಗಟ್ಟಲೆ ನೀರು ಕುಡಿಯತೊಡಗಿದರು. ಬೀದಿಯ ತಿರುವಿನಲ್ಲಿ ಕ್ಲಿನಿಕ್ಕು ಇಟ್ಟಿರುವ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಸಕ್ಕರೆ ಕಾಯಿಲೆ ಎಂದರು. ನಮ್ಮವರ ಮುಖ ಬಿಳಿಚಿಕೊಂಡಿತು. ಕಂಪನಿಯ ಗುಂಪು ವಿಮೆಯಲ್ಲಿ ಮನೆಮಂದಿಯ ಔಷಧಿಯ ಖರ್ಚೂ ಸಿಗುತ್ತಿತ್ತು, ಆದರೆ ಚೀಟಿ, ಬಿಲ್ಲು ಎಲ್ಲವೂ ಕಂಪನಿಯ ಆಫೀಸಿಗೇ ಹೋಗಬೇಕು.

"ಡಾಕ್ಟ್ರಮ್ಮಾ, ನನ್ನ ಹೆಸರು ಬೇಡ. ಇವಳ ಹೆಸರಲ್ಲಿ ಬರೀರಿ. ಹತೋಟಿಗೆ ಬರೋವರೆಗೆ ಅಷ್ಟೇ."

ಡಾಕ್ಟರಮ್ಮ ನನ್ನ ಕಡೆ ನೋಡಿದರು. ಬೇಡ ಎನ್ನಲು ನನಗೂ ಬಾಯಿತ್ತು. ನಾನು "ಆಗ್ಲಿ" ಎಂದೆ. "ಆರು ತಿಂಗಳು ಮಾತ್ರ" ಎಂದು ಗೊಣಗುತ್ತಾ ಅವರು ಬರೆದರು. ಆರು ತಿಂಗಳು ಹನ್ನೊಂದು ವರ್ಷವಾಯಿತು, ಮೂವರಲ್ಲಿ ಒಬ್ಬರೂ ಲೆಕ್ಕ ಕೇಳಲಿಲ್ಲ. ವರ್ಷಕ್ಕೊಮ್ಮೆ ಕಂಪನಿಯ ಪರೀಕ್ಷೆ ಬಂದಾಗ ನಮ್ಮವರು ಎರಡು ದಿನ ಅರೆಹೊಟ್ಟೆಯಲ್ಲಿದ್ದು, ಪಾಸಾಗಿ ಬಂದು, ಶಾಲೆಯ ಹುಡುಗನ ಹಾಗೆ ಸರ್ಟಿಫಿಕೇಟು ತೋರಿಸುತ್ತಿದ್ದರು. ನಾನೂ ಖುಷಿಪಡುತ್ತಿದ್ದೆ. ಈಗ ಅದನ್ನು ನೆನೆದರೆ ನನ್ನ ಮೇಲೆ ನನಗೇ ರೇಗುತ್ತದೆ.

ಈ ವರ್ಷ ಕಂಪನಿ ಕೈ ಬದಲಾಯಿತು. ಹೊಸ ಮಾಲೀಕರು ಒಂದೇ ಹಾಳೆಯಲ್ಲಿ ತಿಳಿಸಿಬಿಟ್ಟರು: ಗುಂಪು ವಿಮೆ ಈ ತಿಂಗಳ ಕೊನೆಗೆ ಮುಗಿಯುತ್ತದೆ, ಮುಂದೆ ಅವರವರ ಆರೋಗ್ಯ ವಿಮೆ ಅವರವರೇ ಮಾಡಿಸಿಕೊಳ್ಳಬೇಕು. ನಮ್ಮವರು ಆ ಹಾಳೆಯನ್ನು ನಾಲ್ಕಾಗಿ ಮಡಚಿ ಕಿಟಕಿಯ ಸಂದಿಗೆ ಸಿಕ್ಕಿಸಿದರು, ಗಾಳಿಗೆ ಕಿಟಕಿ ಬಡಿದುಕೊಳ್ಳಬಾರದೆಂದು. ನಾನು ಅದನ್ನು ಎಳೆದು ಬಿಡಿಸಿ ಓದಿದೆ. ತಿಂಗಳು ಮುಗಿಯಲು ಇಪ್ಪತ್ತಮೂರು ದಿನ ಉಳಿದಿತ್ತು. ಈ ಮನೆಯಲ್ಲಿ ವಿಮೆ ಯಾರಿಗೆ ಬೇಕು, ಯಾತಕ್ಕೆ ಬೇಕು ಎಂಬುದು ಇಬ್ಬರಿಗೂ ಗೊತ್ತಿತ್ತು. ಸರಿಯಾದದ್ದನ್ನು ಹುಡುಕಿಯೇ ತೀರಬೇಕು ಎಂದು ಆವತ್ತೇ ನಿಶ್ಚಯಿಸಿದೆ.

ಮಾರನೆಯ ಸಂಜೆ ಲೆಕ್ಕದ ಮೇಷ್ಟ್ರನ್ನು ಮನೆಗೆ ಕರೆದೆ. ಮೂವತ್ತು ವರ್ಷ ಬೀದಿಯ ಮಕ್ಕಳಿಗೆಲ್ಲ ಲೆಕ್ಕ ಕಲಿಸಿ, ನಿವೃತ್ತರಾದ ಮೇಲೆ ವಿಮೆ ಮಾಡಿಸುವ ಕೆಲಸ ಹಿಡಿದವರು. ಚಾಳಿ ಬಿಟ್ಟಿಲ್ಲ, ನಾವು ಗಮನ ಕೊಡದಿದ್ದರೆ ಪೆನ್ನಿನಿಂದ ಮೇಜು ಕುಟ್ಟುತ್ತಾರೆ. ಚೀಲದಿಂದ ಮೂರು ಪುಸ್ತಿಕೆ ತೆಗೆದಿಟ್ಟರು. ಒಂದು ಹಸಿರು, ಒಂದು ನೀಲಿ, ಒಂದು ಕಂದು.

"ಹಸಿರು ಅಗ್ಗ. ಗಟ್ಟಿಮುಟ್ಟಾಗಿರೋರಿಗೆ ಸಾಕು. ನೀಲಿ ಇಡೀ ಸಂಸಾರಕ್ಕೆ ಒಂದೇ ಪಾಲಿಸಿ, ಎಲ್ರೂ ತಗೊಳ್ಳೋದು ಇದನ್ನೇ. ಕಂದು ಸಕ್ಕರೆ ಕಾಯಿಲೆಯವರಿಗೇ ಅಂತ ಮಾಡಿರೋದು, ಕಂತು ಜಾಸ್ತಿ. ನಿಮಗೆ ಬೇಕಾಗಲ್ಲ ಬಿಡಿ."

"ನನಗೆ ಸಕ್ಕರೆ ಕಾಯಿಲೆ ಅಲ್ವಾ ಮೇಷ್ಟ್ರೇ?" ಎಂದೆ. ನಮ್ಮವರು ಚಾವಣಿ ನೋಡತೊಡಗಿದರು.

"ಅದೇ ನಿಮ್ಮ ಅದೃಷ್ಟ! ಹನ್ನೊಂದು ವರ್ಷದ ದಾಖಲೆ ಇದೆ. ಹಳೇ ವಿಮೆ ಮುಗಿಯೋದ್ರೊಳಗೆ ಹೊಸದಕ್ಕೆ ಅರ್ಜಿ ಹಾಕಿದ್ರೆ, ಅಲ್ಲಿ ದಾಖಲಾದ ಕಾಯಿಲೆಗೆ ಇಲ್ಲಿ ಕಾಯ್ಬೇಕಾಗಿಲ್ಲ. ಮೊದಲ ದಿನದಿಂದಲೇ ನಿಮ್ಮ ಸಕ್ಕರೆಗೆ ಪೂರ್ತಿ ರಕ್ಷಣೆ."

ನಮ್ಮವರ ಮುಖ ಅರಳಿತು. "ನೋಡಿದ್ಯಾ? ನಿನಗೆ ಪೂರ್ತಿ ರಕ್ಷಣೆಯಂತೆ" ಎಂದರು, ನನಗೇನೋ ಉಡುಗೊರೆ ತಂದವರ ಹಾಗೆ. ನೀಲಿ ಪುಸ್ತಿಕೆಯ ಮೇಲೆ ಅಪ್ಪ, ಅಮ್ಮ, ಇಬ್ಬರು ಮಕ್ಕಳು ಒಂದೇ ಛತ್ರಿಯ ಕೆಳಗೆ ಹಲ್ಲು ಕಿರಿಯುತ್ತಿದ್ದರು. ನಮ್ಮವರಿಗೆ ಅದೇ ಇಷ್ಟವಾಯಿತು. ನಮ್ಮ ಅಂಗಡಿಗೂ ಇಂಥ ಗಿರಾಕಿಗಳು ದಿನಾ ಬರುತ್ತಾರೆ. ಕಣ್ಣು ತೋರಿಸುವ ಮೊದಲೇ ಫ್ರೇಮು ಆರಿಸಿ ಕನ್ನಡಿಯ ಮುಂದೆ ನಿಲ್ಲುತ್ತಾರೆ. ಓದಲು ಬೇಕೋ, ದೂರ ನೋಡಲು ಬೇಕೋ ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ.

"ಮೇಷ್ಟ್ರೇ, ಇವರಿಗೇನಾದ್ರೂ ಸಕ್ಕರೆ ಕಾಯಿಲೆ ಇದೆ ಅಂತ ನಾಳೆ ಗೊತ್ತಾದ್ರೆ?"

"ನಾಳೆ ಹೊಸದಾಗಿ ಬಂದ್ರೆ ತೊಂದರೆ ಇಲ್ಲ. ಮೊದಲೇ ಇದ್ದದ್ದನ್ನ ಮುಚ್ಚಿಟ್ಟಿದ್ರೆ ಬಿಡಿಗಾಸೂ ಇಲ್ಲ, ಪಾಲಿಸಿನೂ ರದ್ದು. ಯಾಕೆ ಕೇಳಿದ್ರಿ?"

ನಮ್ಮವರಿಗೆ ಚಹಾ ನೆತ್ತಿಗೇರಿತು. ಅವರು ಕೆಮ್ಮಿ ಸುಧಾರಿಸಿಕೊಳ್ಳುವಷ್ಟರಲ್ಲಿ ಮೇಷ್ಟ್ರು, ಮುಂದಿನ ವಾರ ವಿಮೆಯವರ ಲ್ಯಾಬಿನಲ್ಲಿ ಇಬ್ಬರಿಗೂ ರಕ್ತ ಪರೀಕ್ಷೆ ಇರುತ್ತದೆ, ಅಷ್ಟರಲ್ಲಿ ಅರ್ಜಿ ತುಂಬಿಡಿ ಎಂದು ಹೇಳಿ ಎದ್ದರು.

ಬಾಗಿಲು ಹಾಕಿ ಬಂದು ನಾನು ನಿಂತೇ ಕೇಳಿದೆ. "ಕಾಯಿಲೆ ಇಲ್ಲದ ನನಗೆ ಪೂರ್ತಿ ರಕ್ಷಣೆ. ಕಾಯಿಲೆ ಇರೋ ನಿಮಗೆ ಸೊನ್ನೆ. ಕೇಳಿಸ್ತಾ?"

"ಇಷ್ಟು ವರ್ಷ ನಡೀತು. ಇನ್ನು ಮೂರೇ ವರ್ಷ, ಆಮೇಲೆ ನಾನೇ ಇಳಿದು ಬರ್ತೀನಿ. ಲ್ಯಾಬಿಗೆ ಎರಡು ದಿನ ಹೊಟ್ಟೆ ಕಟ್ಟಿದ್ರೆ ಆಯ್ತು. ಬೀಸೋ ದೊಣ್ಣೆ ತಪ್ಪಿಸ್ಕೊಂಡ್ರೆ ಸಾವಿರ ವರ್ಷ ಆಯಸ್ಸು ಕಣೇ."

"ದೊಣ್ಣೆ ಬೀಸ್ತಿರೋದು ಕಂಪನಿ ಅಲ್ಲ, ನಿಮ್ಮ ರಕ್ತ. ಅದರಿಂದ ಎಲ್ಲಿಗೆ ತಪ್ಪಿಸ್ಕೊಂಡು ಹೋಗ್ತೀರಿ?"

ಅವರು ಹೂಜಿಯಿಂದ ನೀರು ಬಗ್ಗಿಸಿಕೊಂಡರು. ನೀರು ಲೋಟದ ಪಕ್ಕ, ಮೇಜಿನ ಮೇಲೆ ಬಿತ್ತು. ಅವಸರದಿಂದ ಅಂಗೈಯಲ್ಲಿ ಒರೆಸಿ, ಎರಡನೆಯ ಸಲ ಲೋಟದ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡು ಸುರಿದರು. ಒಂದು ತಿಂಗಳಿಂದ ಇದನ್ನು ನಾನು ನೋಡುತ್ತಿದ್ದೆ. ಬೀಗದ ಕೈ ಬೀಗದ ಎಡಕ್ಕೆ ಹೋಗುತ್ತಿತ್ತು. ಕುರ್ಚಿಯನ್ನು ಓರೆಯಾಗಿ ಹಾಕಿಕೊಂಡು ಟಿ.ವಿ. ನೋಡುತ್ತಿದ್ದರು. ಗೆರೆಯ ಮೇಲೆ ತೊಲೆ ಇಳಿಸುವ ಮನುಷ್ಯನಿಗೆ ಲೋಟ ಸಿಗುತ್ತಿಲ್ಲವೆಂದರೆ ಏನರ್ಥ ಎಂದು ಕನ್ನಡಕದ ಅಂಗಡಿಯಲ್ಲಿ ಹದಿನೆಂಟು ವರ್ಷ ಮಸೂರ ಉಜ್ಜಿದವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅರ್ಥ ಗೊತ್ತಿದ್ದೂ ಬಾಯಿ ಬಿಟ್ಟಿರಲಿಲ್ಲ, ಏಕೆಂದರೆ ನನಗೆ ಹೆದರಿಕೆಯಾಗಿತ್ತು.

ಆರು ತಿಂಗಳಿಗೊಮ್ಮೆ ನಮ್ಮವರ ಕಣ್ಣಿನ ನಂಬರು ನೋಡುತ್ತಿದ್ದವಳು ನಾನೇ. ಕಳೆದ ಸಲವೂ ಎರಡೂ ಕಣ್ಣಿನಲ್ಲಿ ಕೊನೆಯ ಸಾಲಿನವರೆಗೆ ಗಡಗಡನೆ ಓದಿದ್ದರು. ಆವತ್ತು ಒದ್ದೆ ಮೇಜು ಒರೆಸುತ್ತಿದ್ದಾಗ ನನಗೆ ಹೊಳೆಯಿತು. ಓದುವವರು ಕೊನೆಯ ಸಾಲಿಗೆ ಬಂದಾಗ ತಡವರಿಸುತ್ತಾರೆ, ಕಣ್ಣು ಕಿರಿದು ಮಾಡುತ್ತಾರೆ. ಗಡಗಡನೆ ಯಾರೂ ಓದುವುದಿಲ್ಲ. ಗಡಗಡನೆ ಒಪ್ಪಿಸುತ್ತಾರೆ.

ಭಾನುವಾರ ಅಂಗಡಿಗೆ ರಜ. ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ. ಮಧ್ಯಾಹ್ನ ಊಟವಾದ ಮೇಲೆ, "ಬನ್ನಿ, ಲ್ಯಾಬಿಗೆ ಹೋಗೋ ಮೊದ್ಲು ನಂಬರು ನೋಡಿಬಿಡೋಣ" ಎಂದೆ. ಅವರು ನಿರಾಳವಾಗಿ ಬಂದರು. ಕಣ್ಣಿನ ಪರೀಕ್ಷೆ ಅವರಿಗೆ ಅಷ್ಟು ಸಲೀಸು.

ನಮ್ಮ ಅಂಗಡಿಯ ಪರೀಕ್ಷೆಯ ಹಲಗೆಗೆ ಎರಡು ಮುಖ. ಒಂದು ಕಡೆ ಅಕ್ಷರಗಳು, ಇನ್ನೊಂದು ಕಡೆ ಓದಲು ಬಾರದವರಿಗೆಂದು ಬರೀ ಅಂಕಿಗಳು. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಬಲಗಣ್ಣಿಗೆ ಕಪ್ಪು ಮುಚ್ಚಳ ಹಾಕಿದೆ. ಆಮೇಲೆ ಸದ್ದಾಗದಂತೆ ಹಲಗೆಯನ್ನು ತಿರುಗಿಸಿ, ಮೇಲಿನ ದಪ್ಪ ಸಾಲುಗಳ ಮೇಲೆ ನನ್ನ ಶಾಲು ಇಳಿಬಿಟ್ಟೆ.

"ದೊಡ್ಡ ಸಾಲು ಬೇಡ, ನಾಲ್ಕನೇದ್ರಿಂದ ಓದಿ."

ಅವರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು. "ಗ, ದ, ಮ, ಟ, ಲ." ನನ್ನ ಕೋಲು ಏಳು, ಎರಡು, ಒಂಬತ್ತು, ನಾಲ್ಕು, ಆರರ ಕೆಳಗೆ ಹಾದುಹೋಯಿತು. ಐದನೆಯ ಸಾಲು ತೋರಿಸಿದೆ. "ಬ, ಸ, ಕ, ಣ, ಹ, ರ." ಒಂದೂ ತಪ್ಪಿಲ್ಲ, ಒಂದೂ ಅಲ್ಲಿಲ್ಲ. ಆರನೆಯ ಸಾಲನ್ನೂ ಮುಗಿಸಿ ನನ್ನ ಕಡೆ ಮುಖ ಮಾಡಿ ನಕ್ಕರು. 

ನಾನು ಕೋಲು ಕೆಳಗಿಟ್ಟು, ಅವರ ಬಲಗಣ್ಣಿನ ಮುಚ್ಚಳ ತೆಗೆದೆ. "ಈಗ ನೋಡಿ."

ಅವರು ನೋಡಿದರು. ಹಲಗೆಯಲ್ಲಿ ಅಕ್ಷರವೇ ಇರಲಿಲ್ಲ.

"ಯಾವಾಗಿಂದ ಗೊತ್ತಿತ್ತು ನಿನಗೆ?"

"ನೀರು ಚೆಲ್ಲೋಕೆ ಶುರುವಾದಾಗಿಂದ. ನಿಮಗೆ?"

"ಬೇಸಿಗೆಯಿಂದ." ಕಪ್ಪು ಮುಚ್ಚಳವನ್ನು ಕೈಯಲ್ಲಿ ತಿರುಗಿಸುತ್ತಾ ಹೇಳಿದರು. "ಎಡಗಣ್ಣಿಗೆ ಮಧ್ಯದಲ್ಲಿ ಮಸಿ ಚೆಲ್ಲಿದ ಹಾಗೆ ಕಾಣುತ್ತೆ. ಮೇಲೆ ತೊಂದರೆ ಆಗಿಲ್ಲ. ತಲೆ ಸ್ವಲ್ಪ ವಾರೆ ಮಾಡಿದ್ರೆ ಬಲಗಣ್ಣಿಗೆ ಎಲ್ಲಾ ಸಿಗುತ್ತೆ. ಕಂಪನಿ ಡಾಕ್ಟ್ರ ಹತ್ರನೂ ಇದೇ ಹಲಗೆ ಇರೋದು."

"ನಿಮ್ಮ ಕೊಕ್ಕೆ ಕೆಳಗೆ ಎಷ್ಟು ಜನ ಕೆಲಸ ಮಾಡ್ತಾರೆ?"

"ಹನ್ನೆರಡು."

"ಅವರ ಹೆಂಡತಿಯರ ಹತ್ರನೂ ಹೋಗಿ, ಒಂದೊಂದು ಸುಳ್ಳು ನಿಮ್ಮ ಹೆಸರಲ್ಲೂ ಬರೆಸ್ಕೊಳ್ಳಿ ಅಂತ ಹೇಳಿ ಬರಲಾ?"

ಮಾತು ಖಾರವಾಯಿತು. ಆದರೆ ಹಿಂತೆಗೆದುಕೊಳ್ಳಲಿಲ್ಲ. ಹನ್ನೊಂದು ವರ್ಷದ ಕೋಪ ಒಂದೇ ಸಲ ಬಂದಿತ್ತು, ಅದರಲ್ಲಿ ಅರ್ಧ ನನ್ನ ಮೇಲಿನದು. ಪ್ರತಿ ತಿಂಗಳೂ ಸಹಿ ಹಾಕಿ ಮಾತ್ರೆ ತಂದವಳು ನಾನೇ. ಸಕ್ಕರೆಯವರು ವರ್ಷಕ್ಕೊಮ್ಮೆ ಕಣ್ಣಿನ ಹಿಂಪರದೆ, ಅಂದರೆ ರೆಟಿನಾ, ತೋರಿಸಬೇಕೆಂದು ಡಾಕ್ಟರಮ್ಮನ ಚೀಟಿಯಲ್ಲಿ ಬರೆದಿರುತ್ತಿತ್ತು. ಚೀಟಿ ನನ್ನ ಹೆಸರಿನದಾದ್ದರಿಂದ ಕಣ್ಣಾಸ್ಪತ್ರೆಗೆ ಹೋಗಿ ಹಿಂಪರದೆ ತೋರಿಸಿ ಬಂದವಳೂ ನಾನೇ. ಒಂಬತ್ತು ಸಲ. ನನ್ನ ಹಿಂಪರದೆ ಬಲು ಚೆನ್ನಾಗಿದೆಯೆಂದು ಒಂಬತ್ತು ಸಲವೂ ಹೊಗಳಿದ್ದರು. ಅದನ್ನು ಅವರಿಗೆ ನೆನಪಿಸಿ ಅಲ್ಲೇ ಅತ್ತೆ.

ಅವರು ಎದ್ದು ಬಂದು ಶಾಲನ್ನು ಹಲಗೆಯಿಂದ ತೆಗೆದು ನನಗೆ ಕೊಟ್ಟರು. "ಕೆಳಗಿಳಿದ್ರೆ ನಾನು ಯಾರು ಹೇಳು" ಎಂದರು. "ಅಲ್ಲಿ ಕೂತಾಗ ಮಾತ್ರ ನಾನು ಹದ್ದು. ನೆಲದ ಮೇಲೆ ನನ್ನಂಥೋರು ನೂರು ಜನ ಇದ್ದಾರೆ."

"ಕಣ್ಣಿರೋ ಗಂಡ ಬೇಕು ನನಗೆ. ಹದ್ದು ಕಟ್ಟಿಕೊಂಡು ಏನು ಮಾಡ್ಲಿ?"

ಅವರು ನಗಲಿಲ್ಲ. ಮನೆಗೆ ನಡೆದು ಬರುವಾಗ ನನ್ನ ಬಲಗಡೆಗೆ ಬಂದು, ಬೀದಿ ದಾಟುವಾಗ ಮೊದಲ ಸಲ ನನ್ನ ತೋಳು ಹಿಡಿದುಕೊಂಡರು. ಎಷ್ಟು ತಿಂಗಳಿಂದ ಹಾಗೇ ಅಂದಾಜಿನ ಮೇಲೆ ದಾಟುತ್ತಿದ್ದರೋ ಏನೋ. ಮನೆಯ ಬಾಗಿಲಲ್ಲಿ ಬೀಗದ ಕೈಯನ್ನು ನನಗೆ ಕೊಟ್ಟು, "ನಾಳೆ ಏಣಿ ಹತ್ತಲ್ಲ, ಕಂಪನೀಲಿ ನಾನೇ ಹೇಳ್ತೀನಿ. ನೀನು ಬರೋದು ಬೇಡ" ಎಂದರು.

ಮಾರನೆಯ ದಿನ ಅವರು ಕಂಪನಿಯಲ್ಲಿ ಹೇಳಿದರು. ಬಯ್ಗುಳವಾಯಿತು, ವಿಚಾರಣೆಯಾಯಿತು, ನನ್ನ ಹೆಸರಿನಲ್ಲಿ ತೆಗೆದ ಮಾತ್ರೆಯ ಹಣವನ್ನು ಸಂಬಳದಲ್ಲಿ ಹಿಡಿಯುತ್ತೇವೆ ಎಂದರು. ಕೆಲಸ ತೆಗೆಯಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದು ಅವಘಡವಿಲ್ಲ ಎಂಬುದನ್ನು ನೋಡಿ, ಕೆಳಗೆ ನಿಂತು ಮೇಲಿನವನಿಗೆ ಕೈಸನ್ನೆ ಮಾಡುವ ಕೆಲಸ ಕೊಟ್ಟರು. ಅದೇ ವಾರ ಕಣ್ಣಾಸ್ಪತ್ರೆಗೆ ಹೋದೆವು, ಈ ಸಲ ಅವರ ಕಣ್ಣು ತೋರಿಸಲು. ಎಡಗಣ್ಣಿನಲ್ಲಿ ಹೋದದ್ದು ಹೋಯಿತು, ಬಲಗಣ್ಣಿಗೂ ಶುರುವಾಗಿದೆ, ಆದರೆ ಉಳಿಸಬಹುದು ಎಂದರು. ವರ್ಷಗಟ್ಟಲೆ ಆಗಾಗ ಚುಚ್ಚುಮದ್ದು ಬೇಕು. ಮೊದಲ ಒಂದೆರಡು ನಮ್ಮ ಕೈಯಿಂದ ಹಾಕಿಸಬಹುದು, ಎಲ್ಲವನ್ನೂ ಹಾಕಿಸಲು ನಮ್ಮಿಬ್ಬರ ಸಂಬಳ ಸಾಲದು. ಪಾಲಿಸಿ ಈಗ ಕಾಗದದ ಮಾತಾಗಿರಲಿಲ್ಲ, ಒಂದು ಕಣ್ಣಿನ ಮಾತಾಗಿತ್ತು.

ಡಾಕ್ಟರಮ್ಮನ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿದರು. "ನಾನು ಬರೆದ ಸುಳ್ಳು, ನಾನೇ ತಿದ್ದಬೇಕು. ಏನಾಗುತ್ತೋ ಆಗ್ಲಿ" ಎಂದು, ಹನ್ನೊಂದು ವರ್ಷದ ಕಾಯಿಲೆ ಯಾರದೆಂದು ಎರಡು ಪುಟ ಬರೆದು ಸಹಿ ಹಾಕಿ ಮೊಹರು ಒತ್ತಿದರು.

ಆ ಎರಡು ಪುಟ ಮುಂದಿಟ್ಟಾಗ ಲೆಕ್ಕದ ಮೇಷ್ಟ್ರು ಎರಡು ಸಲ ಓದಿ, ಪೆನ್ನಿನಿಂದ ಮೇಜು ಕುಟ್ಟಲೂ ಮರೆತು ಕೂತರು. ನಮ್ಮವರು ತಲೆ ತಗ್ಗಿಸಿದ್ದರು.

"ಉತ್ತರ ಮಾತ್ರ ಸರಿ ಬರೆದು, ನಡುವಿನ ಹಂತ ಕದ್ದ ಮಕ್ಕಳಿಗೆ ನಾನು ಸೊನ್ನೆ ಹಾಕ್ತಿದ್ದೆ" ಎಂದರು ಕೊನೆಗೆ. "ನೀವು ಪರೀಕ್ಷೆ ಮುಗಿಯೋದ್ರೊಳಗೆ ಹಂತ ತಿದ್ದಿದ್ದೀರಿ. ಆದರೆ ಕೇಳಿ, ಹಳೇ ದಾಖಲೆಯ ಲಾಭ ಈಗ ಇಲ್ಲ. ಕಂತು ಏರುತ್ತೆ. ವಿಮೆಯವರು ಬೇಡ ಅಂತಲೂ ಅನ್ನಬಹುದು."

"ಅನ್ನಲಿ. ಅಂದಾಗ ಇನ್ನೊಬ್ಬರನ್ನ ಕೇಳೋಣ. ಈಗ ಪುಸ್ತಿಕೆ ತೆಗೀರಿ."

ನಾನು ಅಂಗಡಿಯಿಂದ ಮಸೂರದ ಆರ್ಡರು ಬರೆಯುವ ಹಾಳೆ ತಂದಿದ್ದೆ. ಅದರಲ್ಲಿ ಬಲಗಣ್ಣು, ಎಡಗಣ್ಣು ಎಂದು ಎರಡು ಕಾಲಂ ಇರುತ್ತದೆ. ಬಲಗಡೆ ನಮ್ಮವರಿಗೆ ಏನೇನು ಬೇಕು, ಎಡಗಡೆ ನನಗೆ ಏನೇನು ಬೇಕು ಎಂದು ಬರೆದಿದ್ದೆ. ಬಲಗಡೆ ಜಾಗ ಸಾಲದೆ ಹಾಳೆಯ ಬೆನ್ನಿಗೂ ಹರಿದಿತ್ತು: ಕಣ್ಣಿನ ಚುಚ್ಚುಮದ್ದು, ಕಾಲಿನ ಗಾಯ, ಮೂತ್ರಪಿಂಡ, ಹೃದಯ. ಎಡಗಡೆ ಎರಡೇ ಸಾಲು.

ನೀಲಿ ಪುಸ್ತಿಕೆಯನ್ನು ನಮ್ಮವರು ಮತ್ತೆ ಎತ್ತಿಕೊಂಡರು. ಛತ್ರಿಯ ಮೇಲೆ ಅವರಿಗೆ ಇನ್ನೂ ಆಸೆ. ನಾನು ಮಸೂರದ ಗೀರು ನೋಡುವ ಭೂತಗನ್ನಡಿ ತೆಗೆದು ಕೊನೆಯ ಪುಟಗಳ ಇರುವೆಸಾಲಿನಂಥ ಅಕ್ಷರಗಳನ್ನು ಒಂದೊಂದಾಗಿ ಓದಿದೆ. ನಲವತ್ತನೆಯ ಪುಟದಲ್ಲಿ ಸಿಕ್ಕಿತು: ಆಸ್ಪತ್ರೆಯಲ್ಲಿ ಒಂದು ಇಡೀ ದಿನ ದಾಖಲಾಗಿದ್ದರೆ ಮಾತ್ರ ಖರ್ಚು ಸಿಗುತ್ತದೆ.

"ಕಣ್ಣಿನ ಚುಚ್ಚುಮದ್ದಿಗೆ ಅರ್ಧ ಗಂಟೆ ಸಾಕು ಮೇಷ್ಟ್ರೇ. ಮಿಕ್ಕ ಇಪ್ಪತ್ಮೂರೂವರೆ ಗಂಟೆ ಇವರು ಅಲ್ಲಿ ಏನು ಮಾಡ್ಬೇಕು?"

"ಅದಕ್ಕೆ ಬೇರೆ ಪಟ್ಟಿ ಇರುತ್ತೆ ನೋಡಿ." ಪಟ್ಟಿ ನೋಡಿದೆವು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಇತ್ತು, ಹಿಂಪರದೆಯ ಚುಚ್ಚುಮದ್ದು ಇರಲಿಲ್ಲ. ಅದರ ಕೆಳಗೇ, ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷ ಕಾಯಬೇಕೆಂದೂ ಇತ್ತು. ಮೂರು ವರ್ಷ ಕಾದರೆ ಬಲಗಣ್ಣು ಉಳಿಯುತ್ತಿರಲಿಲ್ಲ. ನೀಲಿಯನ್ನು ಮುಚ್ಚಿ ಪಕ್ಕಕ್ಕಿಟ್ಟೆ.

ಕಂದು ಪುಸ್ತಿಕೆಯಲ್ಲಿ ಚುಚ್ಚುಮದ್ದು ಇತ್ತು. ಕಾಯಬೇಕಾದದ್ದು ಮೂರು ತಿಂಗಳು. ನಮ್ಮ ಕಣ್ಣಾಸ್ಪತ್ರೆ ಅವರ ಪಟ್ಟಿಯಲ್ಲಿತ್ತು. ಆದರೆ ಪ್ರತಿ ಖರ್ಚಿನಲ್ಲೂ ಐದನೆಯ ಒಂದು ಪಾಲು ನಾವೇ ಹಾಕಬೇಕು, ಕಂತೂ ನೀಲಿಯ ಒಂದೂವರೆ ಪಟ್ಟು. ಎಷ್ಟು ವಯಸ್ಸಿನವರೆಗೆ ಮುಂದುವರಿಸಬಹುದು ಎಂದು ಕೇಳಿದೆ. ಜೀವ ಇರುವವರೆಗೆ ಎಂದರು. ಅದು ಯಾವ ಪುಟದಲ್ಲಿದೆ ಎಂದೆ. ಮೇಷ್ಟ್ರು ಹುಡುಕಿ ಬೆರಳಿಟ್ಟು ತೋರಿಸಿದ ಮೇಲೆಯೇ ನಂಬಿದ್ದು.

"ಇವರಿಗೆ ಕಂದು. ನನಗೆ ಹಸಿರು" ಎಂದೆ.

"ಒಂದೇ ಮನೇಲಿ ಎರಡು ಪಾಲಿಸಿಯಾ? ಎಲ್ಲರೂ ಒಂದೇ ಮಾಡಿಸ್ಕೊಳ್ತಾರಮ್ಮ."

"ಗಂಡ ಹೆಂಡತಿ ಅಂತ ಇಬ್ಬರಿಗೂ ಒಂದೇ ನಂಬರಿನ ಕನ್ನಡಕ ಹಾಕಿಸ್ತೀರಾ ಮೇಷ್ಟ್ರೇ?"

ಮೇಷ್ಟ್ರು ನನ್ನನ್ನು ನೋಡಿದರು. "ನೀವು ನನ್ನ ಕ್ಲಾಸಲ್ಲಿ ಇರಬೇಕಿತ್ತು" ಎಂದು ಎರಡು ಅರ್ಜಿ ತೆಗೆದರು. ಮೊದಲೇ ಇರುವ ಕಾಯಿಲೆಗಳು ಎಂಬ ಜಾಗ ಬಂದಾಗ ನಾನು ಪೆನ್ನನ್ನು ನಮ್ಮವರಿಗೆ ಕೊಟ್ಟೆ. ಅವರು ಹಾಳೆಯನ್ನು ಬಲಗಣ್ಣಿನ ಹತ್ತಿರಕ್ಕೆ ತಂದು, ಒಂದೊಂದೇ ಅಕ್ಷರ ಕೂಡಿಸಿ ಸಕ್ಕರೆ ಕಾಯಿಲೆ, ಹನ್ನೊಂದು ವರ್ಷ ಎಂದು ಬರೆದರು. ಬರೆದು ಮುಗಿಸಿ ಪೆನ್ನಿನ ಮುಚ್ಚಳ ಹಾಕಿ ನನ್ನ ಕೈಗಿಟ್ಟರು.

ಲ್ಯಾಬಿಗೆ ಹೋಗುವ ದಿನ ಅವರು ಹೊಟ್ಟೆ ಕಟ್ಟಲಿಲ್ಲ. ಊಟದ ನಂತರದ ಪರೀಕ್ಷೆಗೆ ಊಟ ಮಾಡಿಯೇ ಬಂದರು. ರಕ್ತ ತೆಗೆಯುವ ಹೆಂಗಸು ಹಳೆಯ ದಾಖಲೆ ನೋಡಿಕೊಂಡು ನನ್ನ ಫಲಿತಾಂಶ ಹಿಡಿದು ಹೊರಗೆ ಬಂದಳು. "ಹನ್ನೊಂದು ವರ್ಷದ ಶುಗರು ಅಂತಿದೆ, ಇಷ್ಟು ಚೆ‌ನ್ನಾಗಿ ಹೇಗೆ ಇಟ್ಕೊಂಡಿದ್ದೀರಮ್ಮಾ? ಏನು ಪಥ್ಯ ಮಾಡ್ತೀರಿ?"

"ಇವರ ಕೈಲಿ ಮಾತ್ರೆ ನುಂಗಿಸ್ತೀನಿ" ಎಂದೆ. ಆ ವಾರದಲ್ಲಿ ನಮ್ಮವರು ನಕ್ಕದ್ದು ಅದೊಂದೇ ಸಲ.

ಕಂಪನಿಯ ಹಾಳೆ ಬಂದ ಹತ್ತೊಂಬತ್ತನೆಯ ದಿನದವರೆಗೂ ವಿಮೆಯವರಿಂದ ಉತ್ತರವಿಲ್ಲ. ನಾನು ದಿನಕ್ಕೆರಡು ಸಲ ಮೇಷ್ಟ್ರಿಗೆ ಫೋನು ಮಾಡಿದೆ, ಮೇಷ್ಟ್ರು ವಿಮೆಯವರಿಗೆ ಮಾಡಿದರು. ಅವರು ಇನ್ನೊಂದು ಕಾಗದ ಕೇಳಿದರು, ಕೊಟ್ಟೆವು. ಮತ್ತೊಂದು ಕೇಳಿದರು, ಅದನ್ನೂ ಕೊಟ್ಟೆವು. ನಮ್ಮವರು ಕಬ್ಬಿಣದ ಧೂಳಿನಲ್ಲಿ ನಿಂತು ಕೈಸನ್ನೆ ಮಾಡಿ ಸುಸ್ತಾಗಿ ಬಂದು, ಏನಾಯಿತು ಎಂದು ಕಣ್ಣಲ್ಲೇ ಕೇಳುವರು. ಒಂದು ಸಂಜೆ ಮಾತ್ರ ಬಾಯಿ ಬಿಟ್ಟು, "ಮೇಲೆ ಕೂತಿರೋ ಹೊಸಬ ಚೆನ್ನಾಗಿ ಇಳಿಸ್ತಾನೆ. ನಾನು ಬೆರಳು ತೋರಿಸಿದ ಕಡೆಗೇ ಇಳಿಸ್ತಾನೆ" ಎಂದರು. ಹೇಳಲು ಅವರಿಗೆ ಕಷ್ಟವಾಗಿತ್ತು. ಹೇಳಿದ ಮೇಲೆ ಊಟ ಸ್ವಲ್ಪ ಹೆಚ್ಚೇ ಸೇರಿತು.

ಹಳೆಯ ವಿಮೆ ಮುಗಿಯಲು ಎರಡು ದಿನವಿದ್ದಾಗ ಮೇಷ್ಟ್ರು ತಾವೇ ನಡೆದು ಬಂದರು. ಕಂದು ಪಾಲಿಸಿ ಮಂಜೂರಾಗಿತ್ತು. ಕಂತು ಇನ್ನಷ್ಟು ಏರಿತ್ತು, ಎಡಗಣ್ಣನ್ನು ಹೊರಗಿಟ್ಟಿದ್ದರು. ಬಲಗಣ್ಣು ಒಳಗಿತ್ತು. ನಾನು ಭೂತಗನ್ನಡಿ ಹಿಡಿದು ಕೊನೆಯ ಸಾಲಿನವರೆಗೆ ಓದಿ, ಆಮೇಲೆ ಮೇಷ್ಟ್ರಿಗೆ ಚಹಾ ಕೊಟ್ಟೆ.

ಮಾರನೆಯ ಸಂಜೆ ಮಾತ್ರೆ ಮುಗಿದಿತ್ತು. ಡಾಕ್ಟರಮ್ಮ ಹೊಸ ಚೀಟಿ ಕೊಟ್ಟಿದ್ದರು. ನಾನು ಚೀಲ ಹಿಡಿದು ಹೊರಟಾಗ ನಮ್ಮವರೂ ಚಪ್ಪಲಿ ಮೆಟ್ಟಿದರು. ಹನ್ನೊಂದು ವರ್ಷದಲ್ಲಿ ಅವರು ಆ ಔಷಧಿ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ. ಯಾರಾದರೂ ನೋಡಿಯಾರೆಂದು ಆ ಕಡೆಯ ಕಾಲುದಾರಿಯಲ್ಲೂ ನಡೆಯುತ್ತಿರಲಿಲ್ಲ.

"ಬನ್ನಿ ಶುಗರ್ ಅಮ್ಮಾ" ಎಂದು ಅಂಗಡಿಯವನು ಎಂದಿನಂತೆ ಭರಣಿಯ ಮುಚ್ಚಳ ಬಿಗಿ ಮಾಡಿ, ನನ್ನ ಮುಂದೆ ಕೈ ಚಾಚಿದ. ನಾನು ಚೀಟಿ ಕೊಡಲಿಲ್ಲ. ಅದು ನನ್ನ ಹತ್ತಿರ ಇರಲೂ ಇಲ್ಲ.

ನಮ್ಮವರು ಜೇಬಿನಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟು, ಬೆರಳಿನಿಂದ ತಮ್ಮ ಹೆಸರು ತೋರಿಸಿದರು. ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ನಿಂತಿದ್ದರು. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

"ಇವಳಿಗಲ್ಲ. ಕಾಯಿಲೆ ನನ್ನದು. ಮೊದಲಿಂದಲೂ ನನ್ನದೇ."

ಅಂಗಡಿಯವನು ಚೀಟಿ ನೋಡಿದ, ಅವರನ್ನು ನೋಡಿದ, ನನ್ನನ್ನು ನೋಡಿದ. ನಮ್ಮವರು ಅವನಿಗಾಗಿ ಕಾಯಲಿಲ್ಲ. ಎಡಗೈಯಿಂದ ಮೇಜಿನ ಅಂಚನ್ನು ತಡವಿಕೊಂಡು ಹೋಗಿ, ಭರಣಿ ಸಿಕ್ಕಿದ ಮೇಲೆ ಅದರ ಮುಚ್ಚಳ ತಿರುಗಿಸಿ, ಹಿಡಿ ತುಂಬ ಪೆಪ್ಪರಮೆಂಟು ತೆಗೆದು ನನ್ನ ಕೈಗೆ ಸುರಿದರು. ಒಂದೂ ಪಕ್ಕಕ್ಕೆ ಬೀಳಲಿಲ್ಲ.